ಕಗ್ಗ ಭತ್ತದ ಬುಡದೆಲೆ ಮೊದಲು ಕಂದುವುದೇಕೆ

ನನ್ನ ಹಳೆಯ ಡೈರಿಯಲ್ಲಿ 1979ರ ಅಕ್ಟೋಬರ್ 5ರ ಪುಟ ಹೀಗಿದೆ: "ಹುಣ್ಣಿಮೆ. ಬೆಳಿಗ್ಗೆ ಬಿಸಿಲು, ಪಡುವಣ ಗಾಳಿ. ಊಟದ ಹೊತ್ತಿಗೆ ಗಜನಿಯ ಕಟ್ಟೆ ತೆಂಕು ಮೂಲೆಯಲ್ಲಿ ಕುಸಿದು ಉಪ್ಪುನೀರು ಒಳಗೆ ನುಗ್ಗಿತು. ಭತ್ತ ಹೊಡೆಯಲ್ಲಿದೆ. ಗಂಡಸರೆಲ್ಲ ಕಟ್ಟೆಗೆ ಹೋಗಿದ್ದಾರೆ. ಮೃದುಲಾ ಊಟ ಮಾಡಲಿಲ್ಲ."

ಗಜನಿ ಎಂದರೆ ಹೊಳೆ ಸಮುದ್ರ ಸೇರುವ ಕಡೆಯ ತಗ್ಗು ಗದ್ದೆ. ಹೊಡೆ ಎಂದರೆ ತೆನೆ ಇನ್ನೂ ಹೊರಗೆ ಬಾರದೆ ಕಾಂಡದ ಒಳಗೇ ಮಲಗಿರುವ ಕಾಲ. ಭತ್ತದ ಬಸಿರು ಎಂದರೂ ಸರಿಯೇ. ಮೃದುಲಾ ನನ್ನ ಮಗಳು. ಆಗ ಅವಳಿಗೆ ಆರು ವರ್ಷ.

ಜಗಲಿಯಲ್ಲಿ ನಿಂತರೆ ಗದ್ದೆ ಕಾಣುತ್ತಿತ್ತು. ನೀರು ಹೊಳೆಯುತ್ತಿತ್ತು. ಅವಳು ನನ್ನ ಸೆರಗು ಹಿಡಿದುಕೊಂಡು ಕೇಳಿದಳು: "ಆಯಿ, ಭತ್ತ ಸಾಯ್ತದ್ಯಾ?"

ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ತರಗತಿಗೇ ಮೊದಲಿಗಳಾಗಿ ಪಾಸಾದವಳು. ಮಕ್ಕಳ ಸಮಾಧಾನಕ್ಕೆಂದು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಗೊತ್ತಿಲ್ಲ ಮಗಾ, ನೋಡ್ಬೇಕು. ಆದರೆ ಉಪ್ಪು ಮೊದಲ ಸಲ ಗದ್ದೆಗೆ ಬಂದಾಗ ಎಂತ ಆಯ್ತು ಅಂತ ಹೇಳ್ತೆ, ಕೂತ್ಕೋ" ಎಂದೆ. ಅಂದು ಹೇಳಿದ್ದನ್ನು ಅದೇ ವಾರ ಬರೆದಿಟ್ಟಿದ್ದೆ. ಈಗ ಮೊಮ್ಮಕ್ಕಳಿಗಾಗಿ ಇಲ್ಲಿ ನಕಲು ಮಾಡುತ್ತಿದ್ದೇನೆ.

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಆಗಷ್ಟೇ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಹೊಳೆಗೆ ಮೇಲಿನಿಂದ ಕೆಳಗೆ ಹರಿಯುವುದೊಂದೇ ಗೊತ್ತಿತ್ತು. ಗಾಳಿ ಎಲ್ಲರ ಹತ್ತಿರವೂ ನಿಂತು ಮಾತಾಡಿ ಮುಂದೆ ಹೋಗುತ್ತಿತ್ತು.

ಹೊಳೆ ಮುಗಿದು ಸಮುದ್ರ ಶುರುವಾಗುವಲ್ಲಿ ಒಂದೇ ಒಂದು ಗದ್ದೆ ಇತ್ತು. ಗದ್ದೆಯ ಸುತ್ತ ಮಣ್ಣಿನ ಕಟ್ಟೆ. ಕಟ್ಟೆಗೆ ಒಂದು ಬಾಗಿಲು. ಬಾಗಿಲಿಗೆ ಮರದ ಹಲಗೆ. ಸಮುದ್ರ ದಿನವೂ ಕಟ್ಟೆಯವರೆಗೆ ಬರುತ್ತಿತ್ತು, ಮುಟ್ಟುತ್ತಿತ್ತು, ಹಿಂದೆ ಹೋಗುತ್ತಿತ್ತು. ಕರೆಯದೆ ಯಾರ ಮನೆಯ ಒಳಗೂ ಹೋಗಬಾರದು ಎಂಬ ಕಟ್ಟಳೆ ಆಗ ಸಮುದ್ರಕ್ಕೂ ಇತ್ತು.

ಗದ್ದೆ ಮಾಡುತ್ತಿದ್ದವರು ಬುದವಂತಿ ಎಂಬ ಹೆಂಗಸು ಮತ್ತು ಅವಳ ಗಂಡ ಹಮ್ಮು. ಆ ಗದ್ದೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಭತ್ತ ಇರಲಿಲ್ಲ. ಮನೆಯಲ್ಲಿ ಬೀಜಕ್ಕೆಂದು ಒಂದು ಕಾಳೂ ಉಳಿದಿರಲಿಲ್ಲ, ಇದ್ದುದನ್ನೆಲ್ಲ ಬಿತ್ತಿಬಿಟ್ಟಿದ್ದರು. ಈ ಸಲ ಒಂದಾದರೂ ತೆನೆ ಕಾಳು ಕಟ್ಟಿದರೆ ಭತ್ತ ಎನ್ನುವುದು ಉಳಿಯುತ್ತದೆ. ಇಲ್ಲವಾದರೆ ಇಲ್ಲ.

ಗದ್ದೆಯಲ್ಲಿ ಭತ್ತದ ಮೂವರು ಅಕ್ಕತಂಗಿಯರಿದ್ದರು. ದೊಡ್ಡವಳು ಬಿಳಿಯಕ್ಕ, ಅವಳ ಅಕ್ಕಿ ಮಲ್ಲಿಗೆ ಮೊಗ್ಗಿನ ಹಾಗೆ. ನಡುವಿನವಳು ಗಂಧಸಾಲೆ, ಗಾಳಿ ಅವಳ ಬಳಿ ಬಂದರೆ ಹೊರಡಲು ಮನಸ್ಸೇ ಬಾರದು. ಕಿರಿಯವಳು ಕಗ್ಗ. ದಪ್ಪ ಕಾಳಿನವಳು, ಕೆಂಪು ಅಕ್ಕಿಯವಳು, ಕಾಳಿನ ತುದಿಗೆ ಉದ್ದ ಮೀಸೆಯವಳು.

"ಹೆಣ್ಣಿಗೆ ಮೀಸೆ!" ಎಂದು ಬಿಳಿಯಕ್ಕ ನಗುತ್ತಿದ್ದಳು.

"ನಿನ್ನ ಅನ್ನ ಬೇಯಬೇಕಾದ್ರೆ ಎರಡು ಹೊರೆ ಸೌದೆ ಬೇಕು ಮಾರಾಯ್ತಿ" ಎಂದು ಗಂಧಸಾಲೆ ದನಿಗೂಡಿಸುತ್ತಿದ್ದಳು.

ಕಗ್ಗಳ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದುದು ಅವಳ ಬುಡದೆಲೆ. ಮೊದಲು ಹುಟ್ಟಿದ ಎಲೆ ಅದು. ಮೇಲಿನ ಎಲೆಗಳೆಲ್ಲ ಅದನ್ನು ಅಜ್ಜಿ ಎನ್ನುತ್ತಿದ್ದವು. "ತಿಂದವರು ಮತ್ತೆ ಸಂಜೆಯವರೆಗೆ ಹಸಿವು ಅನ್ನೂದಿಲ್ಲ. ನಿಮ್ಮನ್ನ ತಿಂದವರು ಕೈ ತೊಳೆಯೂದ್ರೊಳಗೆ ಹಸಿವು ಅಂತಾರೆ, ಹೋಗಿ" ಎಂದು ಅಜ್ಜಿ ಕೂಗುತ್ತಿತ್ತು.

ಮಳೆಗಾಲ ಕಳೆಯುತ್ತ ಬಂತು. ಮೂವರೂ ಹೊಡೆಯಾದರು. ಮೂವರ ಹೊಟ್ಟೆಯಲ್ಲೂ ತೆನೆ ಮಲಗಿತ್ತು.

ಬುದವಂತಿಗೂ ಆಗ ಏಳು ತಿಂಗಳು. ಬಸುರಿಯ ಬಯಕೆ ತೀರಿಸದೆ ಇರಬಾರದು ಎಂದು ನೆರೆಯ ಹೆಂಗಸರು ಅವಳಿಗೆ ಉಪ್ಪಿಗೆ ಹಾಕಿದ ಮಾವಿನಕಾಯಿ ತಂದುಕೊಟ್ಟಿದ್ದರು. ಅದನ್ನು ಚೀಪುತ್ತ ಅವಳು ಕಟ್ಟೆಯ ಮೇಲೆ ನಿಂತು ಗದ್ದೆ ನೋಡಿದಳು.

"ಇವರೂ ಬಸುರಿಯರೇ ಅಲ್ಲವಾ? ನನಗೆ ಬಯಕೆ ಬಡಿಸಿದ್ರು. ಇವರಿಗೆ ಬಡಿಸೋರು ಯಾರು?"

ಹಮ್ಮು ಕಟ್ಟೆಯ ಬಿರುಕಿಗೆ ಮಣ್ಣು ಮೆತ್ತುತ್ತಿದ್ದ. "ಮಳೆ ಕುಡಿದು ಹೊಟ್ಟೆ ತುಂಬ್ಯದೆ. ಇನ್ನೆಂತ ಬಯಕೆ?"

"ನಿಮಗೆಂತ ತಿಳೀತದೆ? ಮಳೆಗಾಲ ಪೂರ್ತಿ ಬರೀ ಸಪ್ಪೆ ನೀರು. ನಾನಾಗಿದ್ರೆ ಕೊಡ ಎತ್ತಿ ನಿಮ್ಮ ತಲೆ ಮೇಲೆ ಒಡೀತಿದ್ದೆ."

"ಒಡೆಯದೆ ಬಿಟ್ಟದ್ದು ಯಾವಾಗ?"

ಬುದವಂತಿ ನಕ್ಕಳು. ಮಾವಿನಕಾಯಿಯ ಗೊರಟನ್ನು ಬಿಸಾಡಿದಳು. ಬಾಗಿಲಿನ ಬಳಿ ಬಗ್ಗಿ, ಹಲಗೆಯನ್ನು ಒಂದು ಬೆರಳಿನಷ್ಟು ಎತ್ತಿದಳು. ಬಯಕೆ ಬಡಿಸುವಾಗ ಹೇಗೆ ಕರೆಯಬೇಕೋ ಹಾಗೆ ಬಾಯಿತುಂಬ ಕರೆದಳು.

"ಬಾರಪ್ಪ ಉಪ್ಪೇ, ಒಳಗೆ ಬಾ. ನಮ್ಮ ಮಕ್ಕಳಿಗೆ ಒಂದು ಗುಟುಕು ಬಡಿಸಿ ಹೋಗು."

ಅಂದು ಹುಣ್ಣಿಮೆ. ಹುಣ್ಣಿಮೆಯ ಮಧ್ಯಾಹ್ನ ಸಮುದ್ರ ಎಷ್ಟು ಏರುತ್ತದೆಂದು ಹೊಸ ಲೋಕ ಇನ್ನೂ ನೋಡಿ ಕಲಿತಿರಲಿಲ್ಲ.

ಮೊದಲು ಬೆಳ್ಳಕ್ಕಿಗಳು ಎದ್ದುಹೋದವು. ಎಲ್ಲವೂ ಒಟ್ಟಿಗೆ, ಒಂದೂ ಕೂಗದೆ. ಏಡಿಗಳು ಬಿಲ ಬಿಟ್ಟು ಕಟ್ಟೆಯ ಮೇಲೆ ಹತ್ತಿ ಸಾಲಾಗಿ ನಿಂತವು. ಆಮೇಲೆ ಹೊಳೆ ನಿಂತುಬಿಟ್ಟಿತು. ಆಮೇಲೆ ಹೊಳೆ ಹಿಂದಕ್ಕೆ ಹರಿಯಿತು.

"ಹೊಳೆಯಕ್ಕಾ, ಎಂತಕ್ಕೆ ವಾಪಸ್ಸು ಬರ್ತಿದ್ದೀ?" ಎಂದಳು ಕಗ್ಗ.

"ನಾನು ಬರ್ತಾ ಇಲ್ಲ, ತಂಗಿ" ಎಂದಿತು ಹೊಳೆ. "ನನ್ನನ್ನ ಹಿಂದಿನಿಂದ ದೂಡ್ತಾ ಇದ್ದಾರೆ."

ಹಲಗೆ ಕಿರುಗುಟ್ಟಿತು. ಬುದವಂತಿ ಅದನ್ನು ಕೆಳಗೆ ಒತ್ತಿದಳು, ಅದು ಇಳಿಯಲಿಲ್ಲ. ಹಮ್ಮು ಓಡಿಬಂದು ಮೈಭಾರ ಹಾಕಿದ, ಆಗಲೂ ಇಳಿಯಲಿಲ್ಲ. ಹಲಗೆ ಸೀಳಿತು. ನೀರು ಒಳಗೆ ಬಂತು.

ಕಥೆ ಇಲ್ಲಿಗೆ ಬಂದಾಗ ಮೃದುಲಾ ನನ್ನ ಮಡಿಲು ಏರಿದ್ದಳು. "ಆಯಿ, ಅವಳು ಬೇಕಂತ ಮಾಡಿದ್ದಲ್ಲ ಅಲ್ಲ?" ಎಂದಳು. ಅಲ್ಲ, ಪ್ರೀತಿಯಿಂದ ಮಾಡಿದ್ದು ಎಂದೆ. ಆದರೆ ನೀರಿಗೆ ಅದು ತಿಳಿಯುವುದಿಲ್ಲ.

ಮಧ್ಯಾಹ್ನವೆಲ್ಲ ಗದ್ದೆ ಸಮುದ್ರವೇ ಆಗಿತ್ತು. ಸಂಜೆಯ ಹೊತ್ತಿಗೆ ಹೊರಗೆ ನೀರು ಇಳಿಯತೊಡಗಿತು. ಅಷ್ಟರಲ್ಲಿ ಹಮ್ಮು ಕಾಂಡ್ಲ ಗಿಡದ ಕೊಂಬೆಗಳನ್ನು ಕಡಿದು ತಂದು ಬಾಗಿಲಿಗೆ ಒಡ್ಡಿ ಮಣ್ಣು ತುಂಬಿದ್ದ. ಕೆಸರಿನ ನೆಲದಲ್ಲಿ, ಉಪ್ಪುನೀರಿನಲ್ಲೇ ಬೆಳೆಯುವ ಗಿಡ ಅದು.

"ಈಗ ತೆಗೀರಿ. ಹೊರಗೆ ಇಳಿತ ಶುರುವಾಗಿದೆ. ಒಳಗಿನದು ಹೋಗಲಿ" ಎಂದಳು ಬುದವಂತಿ.

"ಮತ್ತೆ ಬಾಗಿಲು ತೆಗಿ ಅಂತೀಯಲ್ಲ! ನಿನ್ನ ಧೈರ್ಯಕ್ಕೆ ಎಂತ ಹೇಳೂದು?"

"ಧೈರ್ಯ ಎಲ್ಲಿಂದ ಬಂತು, ನನ್ನ ಕಾಲು ನಡುಗೂದು ಕಾಣ್ತಾ ಇಲ್ಲವಾ? ಮುಚ್ಚಿಟ್ರೆ ಉಪ್ಪು ಒಳಗೇ ಉಳೀತಾನೆ. ತೆಗೀರಿ."

ತೆಗೆದರು. ನೀರು ಹೋಯಿತು. ಸಂಜೆಯ ಬಿಸಿಲಿನಲ್ಲಿ ಗದ್ದೆ ಮೊದಲಿನ ಹಾಗೇ ಹಸಿರಾಗಿ ಕಂಡಿತು. ಬುದವಂತಿ ಕಟ್ಟೆಯ ಮೇಲೆ ಕುಸಿದು ಕುಳಿತು, "ಉಳಿದ್ರು, ನನ್ನ ಮಕ್ಕಳು ಉಳಿದ್ರು" ಎಂದು ಕಣ್ಣೊರೆಸಿಕೊಂಡಳು.

ನೀರೇನೋ ಹೋಗಿತ್ತು. ಉಪ್ಪು ಹೋಗಿರಲಿಲ್ಲ. ಅವನು ಮಣ್ಣಿನಲ್ಲಿ ಮಲಗಿದ್ದ.

ಮರುದಿನ ಬಿಸಿಲೇರಿದಾಗ ಅವನು ಎದ್ದ. ಅವನ ದನಿ ಬಹಳ ಮೆತ್ತಗಿತ್ತು. ಮನೆಗೆ ಬಂದ ನೆಂಟನ ಹಾಗೆ ಮಾತಾಡುತ್ತಿದ್ದ.

"ಬಾಯಾರಿತಾ, ತಂಗಿ?" ಎಂದ ಬಿಳಿಯಕ್ಕನ ಬೇರಿನ ಹತ್ತಿರ. "ಕುಡಿ. ಎಷ್ಟು ಬೇಕಾದ್ರೂ ಇದೆ. ಕುಡಿ."

ಬುಡದಲ್ಲಿ ಕೆಸರು ತುಂಬಿತ್ತು, ಕೆಸರಿನ ತುಂಬ ನೀರಿತ್ತು. ಆದರೂ ಬಿಳಿಯಕ್ಕನಿಗೆ ಹಿಂದೆಂದೂ ಆಗದ ಬಾಯಾರಿಕೆ. ಅವಳು ಕುಡಿದಳು. ಬಾಯಾರಿಕೆ ಹೆಚ್ಚಾಯಿತು. ಮತ್ತೆ ಕುಡಿದಳು, ಮತ್ತೆ ಹೆಚ್ಚಾಯಿತು. ಒಂದೊಂದು ಗುಟುಕಿನ ಜತೆಗೂ ಅವನು ಒಳಗೆ ಬಂದ. ಕಾಂಡ ಹತ್ತಿದ. ಎಲೆ ಹತ್ತಿದ. ಎಲೆಗಳು ಸುರುಳಿ ಸುತ್ತಿಕೊಂಡವು, ತುದಿಗಳು ಬೆಳ್ಳಗಾದವು. ಕೊನೆಗೆ ತೆನೆ ಮಲಗಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತ.

"ಇಲ್ಲಿ ಯಾರು ಮಲಗಿದ್ದಾರೆ?" ಎಂದ.

ಸಂಜೆಗೆ ಬಿಳಿಯಕ್ಕನ ಹೊಟ್ಟೆಯಲ್ಲಿ ಏನೂ ಅಲುಗಲಿಲ್ಲ.

ಗಂಧಸಾಲೆ ಇದನ್ನೆಲ್ಲ ನೋಡಿದಳು. "ನಾನು ಕುಡಿಯೂದೇ ಇಲ್ಲ, ಯಾರನ್ನೂ ಒಳಗೆ ಬಿಡೂದಿಲ್ಲ" ಎಂದು ಬೇರಿನ ಬಾಗಿಲುಗಳನ್ನೆಲ್ಲ ಮುಚ್ಚಿದಳು. ಎಲೆಯ ಕಿಟಕಿಗಳನ್ನೂ ಮುಚ್ಚಿದಳು. ಉಪ್ಪು ಹೊರಗೆ ನಿಂತ. ನೀರೂ ಹೊರಗೆ ನಿಂತಿತು. ಗಾಳಿ ಬಂದು ಕರೆಯಿತು, "ಗಂಧಸಾಲೇ, ನಾನು, ನಿನ್ನ ಗಾಳಿ!" ಅವಳು ತೆರೆಯಲಿಲ್ಲ. ಮರುದಿನ ಗಾಳಿ ಬಂದು ಮೂಸಿ ನೋಡಿದಾಗ ಪರಿಮಳವಿರಲಿಲ್ಲ. ಹುಲ್ಲಿನ ವಾಸನೆ ಮಾತ್ರ ಇತ್ತು.

ಇನ್ನು ಉಳಿದವಳು ಕಗ್ಗ ಒಬ್ಬಳೇ.

"ಬಾಯಾರಿತಾ, ತಂಗಿ?" ಎಂದ ಉಪ್ಪು. "ಕುಡಿ. ಎಷ್ಟು ಬೇಕಾದ್ರೂ ಇದೆ. ಕುಡಿ."

ಕುಡಿದರೆ ದೊಡ್ಡಕ್ಕನ ಗತಿ. ಕುಡಿಯದಿದ್ದರೆ ಸಣ್ಣಕ್ಕನ ಗತಿ. ಕಗ್ಗ ಕಟ್ಟೆಯಾಚೆಗೆ ಕೂಗಿದಳು. "ಕಾಂಡ್ಲದಣ್ಣಾ! ನೀನು ಹುಟ್ಟಿದಾಗಿನಿಂದ ಇವನ ಜತೆಗೇ ಇದ್ದೀಯಲ್ಲ. ಹೇಗೆ ಬದುಕ್ತೀಯಾ? ಬೇಗ ಹೇಳು!"

ಕಾಂಡ್ಲ ಗಿಡ ಕಡಿಮೆ ಮಾತಿನದು. ಮೇಲಾಗಿ ಅದರ ಕೊಂಬೆ ಕಡಿದದ್ದು ಕಗ್ಗಳ ಗದ್ದೆಯವರೇ. ಆದರೂ ಹೇಳಿತು.

"ಬಾಗಿಲನ್ನ ಅರ್ಧ ಮುಚ್ಚು. ಬೇರಿನ ಹೊಸ್ತಿಲಲ್ಲಿ ನಿಂತು ಒಂದೊಂದೇ ಹನಿಯನ್ನ ಯಾರು ಅಂತ ಕೇಳಿ ಒಳಗೆ ಬಿಡು. ನೀರಾದ್ರೆ ಬರಲಿ. ಅವನಾದ್ರೆ ಹೊರಗೆ. ಮತ್ತೆ, ಬೆಳೆಯೂದು ನಿಲ್ಲಿಸು. ಬೆಳೆಯೋರಿಗೆ ಬಾಯಾರಿಕೆ ಹೆಚ್ಚು. ಹೊಟ್ಟೆಯೊಳಗಿನ ಸಿಹಿಯನ್ನ ಖರ್ಚು ಮಾಡಬೇಡ, ಹಿಡಿದಿಡು. ಒಳಗೆ ಸಿಹಿ ಇದ್ರೆ ಒಳಗಿನ ನೀರು ಹೊರಗೆ ಓಡೂದಿಲ್ಲ."

"ಎಷ್ಟು ಕೇಳಿದ್ರೂ ಕಣ್ಣು ತಪ್ಪಿಸಿ ಬಂದೇ ಬರ್ತಾನಲ್ಲ?"

"ಬರ್ತಾನೆ. ನಾನಾದ್ರೆ ಎಲೆಯಿಂದ ಬೆವರಿ ಹೊರಗೆ ಹಾಕ್ತೇನೆ. ನಿನಗೆ ಆ ಚರ್ಮ ಇಲ್ಲ. ಒಳಗೆ ಬಂದವನನ್ನ ಹೊರಗೆ ಕಳಿಸೂದು ಆಗದಿದ್ರೆ ಎಲ್ಲೋ ಒಂದು ಕಡೆ ಕೂರಿಸಬೇಕು, ತಂಗಿ. ತೆನೆಯಿಂದ ದೂರ ಕೂರಿಸು." ಕಾಂಡ್ಲ ಇನ್ನೊಂದು ಮಾತು ಸೇರಿಸಿತು. "ಎಲ್ಲಿ ಕೂರಿಸ್ತೀಯೋ ಆ ಜಾಗ ಉಳಿಯೂದಿಲ್ಲ."

ಕಗ್ಗ ತನ್ನ ಎಲೆಗಳನ್ನು ನೋಡಿದಳು. ಆ ಕಾಲದಲ್ಲಿ ಎಲೆಗಳಿಗೆ ಒಣಗುವುದು ಗೊತ್ತಿರಲಿಲ್ಲ, ಕೊಯ್ಲಿನವರೆಗೂ ಎಲ್ಲವೂ ಹಸಿರಾಗಿಯೇ ಇರುತ್ತಿದ್ದವು. ತೆನೆಯನ್ನು ತಬ್ಬಿಕೊಂಡಿದ್ದ ಮೇಲಿನ ಕಿರಿಯೆಲೆ ಇನ್ನೂ ಬಿಗಿಯಾಗಿ ತಬ್ಬಿಕೊಂಡಿತು.

"ಎಂತ ಎಲ್ಲ ಕಲ್ಲಿನ ಹಾಗೆ ನಿಂತಿದ್ದೀರಿ?" ಎಂದಿತು ಬುಡದ ಅಜ್ಜಿ. "ನನ್ನ ಹತ್ತಿರ ಕಳಿಸಿ."

"ಅಜ್ಜಿ, ಬೇಡ!" ಎಂದಿತು ಕಿರಿಯೆಲೆ.

"ಬೇಡ ಅಂದ್ರೆ ನೀನು ಬರ್ತೀಯಾ? ನಿನ್ನ ಕೈಯಲ್ಲಿ ಕೂಸಿದೆ. ನನ್ನ ಕೈ ಖಾಲಿ. ನನ್ನ ಮೇಲೆ ಬಿಸಿಲೂ ಬೀಳೂದಿಲ್ಲ, ನಿಮ್ಮ ನೆರಳಲ್ಲೇ ಕೊಳೀತಾ ಇದ್ದೇನೆ."

"ಹೆದರಿಕೆ ಆಗೂದಿಲ್ವಾ, ಅಜ್ಜಿ?"

"ಆಗೂದಿಲ್ಲ ಅಂದ್ಕೊಂಡ್ಯಾ? ತುದಿಯಿಂದ ಬುಡದವರೆಗೆ ಹೆದರಿಕೆ ಇದೆ. ಕೇಳ್ತಾ ಕೂತ್ರೆ ಇನ್ನೂ ಹೆಚ್ಚಾಗ್ತದೆ. ಕಗ್ಗಾ, ಕಳಿಸು ಬೇಗ."

ಕಗ್ಗ ಬೇರಿನ ಬಾಗಿಲನ್ನು ಅರ್ಧ ಮುಚ್ಚಿದಳು. ಹನಿ ಬಂದರೆ ಯಾರು ಎಂದಳು. ನೀರು ಎಂದರೆ ಬಿಟ್ಟಳು. ಇನ್ನೊಂದು ಹನಿ ಬಂದರೆ ಮತ್ತೆ ಯಾರು ಎಂದಳು. ಹತ್ತರಲ್ಲಿ ಒಂಬತ್ತು ಸಲ ಉಪ್ಪು ಹೊಸ್ತಿಲಲ್ಲೇ ಉಳಿದ. ಒಂದು ಸಲ ನುಸುಳಿದ. ನುಸುಳಿದವನನ್ನು ಕಾಂಡ ಮೇಲಕ್ಕೆ ಬಿಡಲಿಲ್ಲ, ಬುಡದ ಎಲೆಯ ದಾರಿ ತೋರಿಸಿತು.

"ಬನ್ನಿ, ಬನ್ನಿ. ಕರೆದದ್ದು ನಾವೇ ಅಲ್ಲವಾ? ಕಾಲು ತೊಳ್ಕೊಂಡು ಈ ಮಣೆ ಮೇಲೆ ಕೂತ್ಕೊಳ್ಳಿ" ಎಂದಿತು ಅಜ್ಜಿ.

"ತೆನೆ ಎಲ್ಲಿದೆ? ನಾನು ಬಂದದ್ದು ಬಡಿಸ್ಲಿಕ್ಕೆ" ಎಂದ ಉಪ್ಪು.

"ಎಂತ ಅವಸರ? ಮಲಗಿದೆ, ಎದ್ದ ಕೂಡಲೇ ಹೇಳ್ತೇನೆ. ನಿಮ್ಮ ಕಡೆ ಮೀನೆಲ್ಲ ಸೌಖ್ಯವಾ? ಮನೆಯಲ್ಲಿ ಎಷ್ಟು ಜನ?"

ಮಣೆ ಹಾಕಿ ಕೂರಿಸಿದ ನೆಂಟ, ಮನೆಯವರು ಮಾತಾಡುತ್ತಿರುವಾಗ ಎದ್ದುಹೋಗುವ ಹಾಗಿಲ್ಲ. ಉಪ್ಪು ಕುಳಿತ. ಅವನ ಹಿಂದೆ ಇನ್ನೊಬ್ಬ ಬಂದ, ಅವನೂ ಕುಳಿತ. ಅವನ ಹಿಂದೆ ಇನ್ನೂ ಒಬ್ಬ. ಅಜ್ಜಿ ಮಾತು ನಿಲ್ಲಿಸಲಿಲ್ಲ. ತುದಿ ಉರಿಯಿತು, ಆದರೂ ಮಾತಾಡಿತು. ಉರಿ ಅರ್ಧದವರೆಗೆ ಇಳಿಯಿತು, ಅದಕ್ಕೂ ಮಾತು ನಿಲ್ಲಲಿಲ್ಲ.

ಮೇಲಿನ ಎಲೆಗಳಿಗೆ ಕೇಳುತ್ತಿದ್ದುದು ಆ ದನಿ ಒಂದೇ. ದನಿ ಇದ್ದಷ್ಟು ಹೊತ್ತು ತೆನೆ ಕ್ಷೇಮ ಎಂದು ಅವು ಕಿವಿಗೊಟ್ಟು ನಿಂತಿದ್ದವು. ದನಿ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಒಂದು ಮಧ್ಯಾಹ್ನ ಮಾತಿನ ನಡುವೆಯೇ ನಿಂತುಹೋಯಿತು.

"ಅಜ್ಜಿ?" ಎಂದಿತು ಕಿರಿಯೆಲೆ.

ಬುಡದಲ್ಲಿ ಕಂದು ಬಣ್ಣದ ಏನೋ ಒಂದು ಜೋತುಬಿದ್ದಿತ್ತು. ಅದರ ತುಂಬ ಉಪ್ಪು ಕುಳಿತಿದ್ದ. ಜಾಗ ಸಾಲದೆ ಹೊರಗೆ ಇನ್ನೂ ಕೆಲವರು ನಿಂತಿದ್ದರು, ಮೇಲೆ ನೋಡುತ್ತಿದ್ದರು.

ಆಗ ಎರಡನೆಯ ಎಲೆ, ಯಾರೂ ಕೇಳುವ ಮೊದಲೇ, ಗಂಟಲು ಸರಿಮಾಡಿಕೊಂಡು ಹೇಳಿತು. "ಬನ್ನಿ, ಬನ್ನಿ. ಇಲ್ಲೂ ಮಣೆ ಇದೆ."

ಬುದವಂತಿ ದಿನವೂ ಗದ್ದೆಗೆ ಬಂದು ನೋಡುತ್ತಿದ್ದಳು. ಒಂದು ಕಡೆ ಬಿಳಿ ಹುಲ್ಲು, ಒಂದು ಕಡೆ ಒಣ ಹುಲ್ಲು, ನಡುವೆ ಬುಡ ಕಂದಿ ಮೇಲೆ ಮಾತ್ರ ಹಸಿರಾದ ಕಗ್ಗ. ಅವಳು ಗಾಳಿಯನ್ನು ಕೇಳಿದಳು, "ಗಾಳಿಯಪ್ಪಾ, ಮಳೆ ಎಲ್ಲಿದೆ?"

"ಘಟ್ಟದ ಮೇಲೆ ಕೊನೆಯ ಮೋಡ ಒಂದಿದೆ. ಅದು ಮೂಡಣಕ್ಕೆ ಹೊರಟಿದೆ" ಎಂದಿತು ಗಾಳಿ.

"ಅದನ್ನ ತಿರುಗಿಸಿ ತಾ. ನಾನು ಕರೆದವನನ್ನ ಕಳಿಸೂದು ನನ್ನಿಂದ ಆಗ್ತಾ ಇಲ್ಲ."

ಗಾಳಿಗೆ ಗಂಧಸಾಲೆಯ ನೆನಪಿತ್ತು. ಅದು ಹೋಯಿತು. ಎರಡನೆಯ ಎಲೆಯ ತುದಿಯಿಂದ ಕಂದು ಬಣ್ಣ ಇಳಿಯುತ್ತಿತ್ತು. ಗಾಳಿ ಬರಲಿಲ್ಲ. ಬಣ್ಣ ಅರ್ಧಕ್ಕೆ ಇಳಿಯಿತು. ಗಾಳಿ ಬರಲಿಲ್ಲ. ಮೂರನೆಯ ಎಲೆ, ತನ್ನ ಸರದಿ ಎಂದು, ಮಾತು ಕೂಡಿಸಿಕೊಳ್ಳುತ್ತಿತ್ತು.

ಆಗ ಘಟ್ಟದ ಕಡೆಯಿಂದ ಒಂದು ಗುಡುಗು ಕೇಳಿತು.

ಮಳೆ ಸಂಜೆ ಸುರಿಯಿತು, ಮರುದಿನ ಸುರಿಯಿತು, ಅದರ ಮರುದಿನವೂ ಸುರಿಯಿತು. ಬುದವಂತಿ ಇಳಿತದ ಹೊತ್ತು ಕಾದು ಬಾಗಿಲು ತೆಗೆದಳು, ಉಬ್ಬರದ ಹೊತ್ತು ಕಾದು ಮುಚ್ಚಿದಳು. ಮಣ್ಣಿನಲ್ಲಿ ಮಲಗಿದ್ದ ಉಪ್ಪು ಮಳೆನೀರಿನ ಜತೆ ಹೊರಗೆ ಹೋದ. ಹೋಗುವಾಗಲೂ ಅವನ ದನಿ ಮೆತ್ತಗೇ ಇತ್ತು. "ಮತ್ತೆ ಯಾವಾಗ ಕರೀತೀರಿ?" ಎಂದು ಕೇಳಿದ.

ಕೆಲವು ದಿನಗಳ ಮೇಲೆ ಕಗ್ಗಳ ಹೊಟ್ಟೆ ಬಿರಿದು ತೆನೆ ಹೊರಗೆ ಬಂತು. ಬುದವಂತಿ ಒಂದು ಕಾಳನ್ನು ಹಿಸುಕಿ ನೋಡಿದಳು. ಒಳಗೆ ಏನೂ ಇರಲಿಲ್ಲ. ಇನ್ನೊಂದನ್ನು ಹಿಸುಕಿದಳು. ಬೆರಳಿಗೆ ಹಾಲು ಹತ್ತಿತು.

ಬಿಳಿಯಕ್ಕ ಮತ್ತು ಗಂಧಸಾಲೆಯ ಬೇರಿನಿಂದ ಮಳೆಯ ನಂತರ ಒಂದೊಂದು ಕುಡಿ ಎದ್ದಿತು, ತೆನೆಯಿಲ್ಲದ ಕುಡಿ. ಹಮ್ಮು ಅವನ್ನು ಕಿತ್ತು ಬೆಟ್ಟದ ಬುಡದ ಸಿಹಿನೀರಿಗೆ ಒಯ್ದು ನೆಟ್ಟ. ಅವು ಅಲ್ಲೇ ಉಳಿದವು. ಹೊಳೆಯ ಬಾಯಿಗೆ ಮತ್ತೆ ಬರಲಿಲ್ಲ.

ಇದಕ್ಕೆ ಆದ ಖರ್ಚನ್ನು ಮೃದುಲಾಳಿಗೆ ನಾನು ಹೀಗೆ ಹೇಳಿದೆ. ಮೂವರಲ್ಲಿ ಇಬ್ಬರ ತೆನೆ ಪೂರ್ತಿ ಹೋಯಿತು. ಕಗ್ಗಳಿಗೆ ಬುಡದ ಎಲೆ ಹೋಯಿತು, ಅದರ ಮೇಲಿನ ಎಲೆಯೂ ಹೋಯಿತು. ಬೆಳೆಯುವುದನ್ನು ನಿಲ್ಲಿಸಿದ್ದರಿಂದ ಅವಳ ಕೊಯ್ಲು ತಡವಾಯಿತು. ಸಿಹಿಯನ್ನೆಲ್ಲ ಬದುಕುವುದಕ್ಕೆ ಹಿಡಿದಿಟ್ಟಿದ್ದರಿಂದ ಕಾಳಿಗೆ ಕೊಡಲು ಕಡಿಮೆ ಬಿತ್ತು, ತೆನೆಯಲ್ಲಿ ಅರ್ಧ ಜೊಳ್ಳಾಯಿತು. ಉಳಿದ ಅರ್ಧದಲ್ಲಿ ಬೀಜಕ್ಕೆ ತೆಗೆದಿಟ್ಟ ಮೇಲೆ ಬುದವಂತಿಯ ಮನೆಯಲ್ಲಿ ಆ ವರ್ಷ ಒಂದೇ ಹೊತ್ತು ಅನ್ನ, ಅವಳು ಬಾಣಂತಿಯಾಗಿದ್ದಾಗಲೂ.

ಆದ್ದರಿಂದಲೇ, ಗಜನಿಗೆ ಉಪ್ಪು ಏರಿದ ವರ್ಷ ನೀವು ಕಗ್ಗದ ಗದ್ದೆಯಲ್ಲಿ ಬಗ್ಗಿ ನೋಡಿದರೆ, ತೆನೆಯ ಪಕ್ಕದ ಎಲೆ ಹಸಿರಾಗಿರುವಾಗಲೇ ಬುಡದ ಎಲೆ ತುದಿಯಿಂದ ಕಂದುತ್ತ ಬಂದು ಒಣಗಿರುತ್ತದೆ.